ಸೋಮವಾರ ಅನ್ನ ಯಾಕೆ ಸಾಲುವುದಿಲ್ಲ?

ಉಡುಪಿಯ ಮಲ್ಪೆ ಬಂದರಿನ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ಪಾಠದ ಜೊತೆಗೆ ಬಿಸಿಯೂಟದ ಉಸ್ತುವಾರಿಯೂ ನನ್ನ ಪಾಲಿಗೆ ಬಂದಿದೆ. ಯಾರೂ ಆಸೆಪಟ್ಟು ತಗೊಳ್ಳುವ ಕೆಲಸ ಅಲ್ಲ ಇದು. ಅಕ್ಕಿ ಎಷ್ಟು ಬಂತು, ಬೇಳೆ ಎಷ್ಟು ಖರ್ಚಾಯಿತು, ಸಿಲಿಂಡರ್ ಯಾವಾಗ ಬದಲಾಯಿತು, ಮೊಟ್ಟೆ ತಿನ್ನುವವರು ಎಷ್ಟು, ಬಾಳೆಹಣ್ಣಿನವರು ಎಷ್ಟು, ಎಲ್ಲಾ ದಿನಾ ಬರೆಯಬೇಕು.

ಲೆಕ್ಕವೇನೋ ಸುಲಭ. 1ರಿಂದ 5ನೇ ತರಗತಿಯ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. 6ನೇ ತರಗತಿಯಿಂದ ಮೇಲಿನವರಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ. ಹಾಜರಿಗೆ ಗುಣಿಸಿದರೆ ಮುಗಿಯಿತು. ರಿಜಿಸ್ಟರಿನಲ್ಲಿ ಸೋಮವಾರವೂ ಒಂದೇ, ಶುಕ್ರವಾರವೂ ಒಂದೇ.

ನಮ್ಮ ಅಡುಗೆಯ ಅಕ್ಕನ ಲೆಕ್ಕ ಮಾತ್ರ ಬೇರೆ. "ಸೋಮವಾರ ಸ್ವಲ್ಪ ಜಾಸ್ತಿ ಹಾಕುವ ಟೀಚರ್, ಇಲ್ಲದಿದ್ರೆ ಸಾಕಾಗುದಿಲ್ಲ" ಅಂತ ಅವರು ಯಾವಾಗಲೂ ಹೇಳುತ್ತಿದ್ದರು. ಶುಕ್ರವಾರ ಅದೇ ಮಕ್ಕಳು, ಅದೇ ಪಾತ್ರೆ, ಅನ್ನ ಉಳಿಯುತ್ತದೆ. ಸೋಮವಾರ ಎರಡನೇ ಸಲ, ಮೂರನೇ ಸಲ ತಟ್ಟೆ ಹಿಡಿದುಕೊಂಡು ಬರುತ್ತಾರೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಹೋದವರಲ್ಲಿ ಕೆಲವರು ಆಮೇಲೆ ಹೊಟ್ಟೆ ತುಂಬಾ ಊಟ ಮಾಡುವುದು ಸೋಮವಾರ ಮಧ್ಯಾಹ್ನವೇ. ಇದು ಯಾವ ಕಾಲಂನಲ್ಲೂ ಬರುವುದಿಲ್ಲ. ಸೌಟು ಹಿಡಿದವರಿಗೆ ಮಾತ್ರ ಗೊತ್ತು.

"ಉಡುಪಿಯಲ್ಲಿ ಹಸಿದ ಮಕ್ಕಳು ಎಂತ ಮಾರಾಯ್ರೆ?" ಅಂತ ಕೇಳುವವರು ತುಂಬಾ ಜನ ಇದ್ದಾರೆ. ಅವರದ್ದೂ ತಪ್ಪಲ್ಲ. ಕೃಷ್ಣ ಮಠದಲ್ಲಿ ದಿನಾ ಸಾವಿರಾರು ಜನರಿಗೆ ಊಟ ಆಗುತ್ತದೆ. ಮಠದ ಚಿಣ್ಣರ ಸಂತರ್ಪಣೆಯಿಂದ ಎಷ್ಟೋ ಶಾಲೆಗಳಿಗೆ ಮಧ್ಯಾಹ್ನದ ಊಟ ಸಿಗುತ್ತದೆ. ಮತ್ತೆ ದೇವಸ್ಥಾನದ ಬ್ರಹ್ಮಕಲಶ, ದೈವದ ನೇಮ, ಮದುವೆ, ಗೃಹಪ್ರವೇಶ. ಈ ಊರಲ್ಲಿ ಊಟಕ್ಕೆ ಬರ ಇಲ್ಲ. ಆದರೆ ಅದು ಬರುವುದು ಮಧ್ಯಾಹ್ನಕ್ಕೆ, ಅದೂ ವಿಶೇಷದ ದಿನಕ್ಕೆ. ನಮ್ಮ ಮಕ್ಕಳಿಗೆ ಹಸಿವಾಗುವುದು ಬೆಳಿಗ್ಗೆ ಒಂಬತ್ತೂವರೆಗೆ.

ಯಾಕೆ ಅಂದರೆ ಬಂದರಿನ ಕೆಲಸ ಹಾಗಿದೆ. ಬೋಟು ಬರುವ ಹೊತ್ತಿಗೆ ಮೀನು ಇಳಿಸಬೇಕು, ಬೇರೆ ಮಾಡಬೇಕು, ಐಸ್ ಹಾಕಬೇಕು. ಇನ್ನೂ ಕತ್ತಲೆ ಇರುವಾಗಲೇ ಅಪ್ಪ ಅಮ್ಮ ಇಬ್ಬರೂ ಬಿಡಾರ ಬಿಟ್ಟಿರುತ್ತಾರೆ. ನಮ್ಮಲ್ಲಿ ಕೊಪ್ಪಳ, ಬಾಗಲಕೋಟೆ, ರಾಯಚೂರು ಕಡೆಯಿಂದ ಬಂದ ಮನೆಗಳ ಮಕ್ಕಳು ಜಾಸ್ತಿ. ಏಳುವಾಗ ಮನೆಯಲ್ಲಿ ದೊಡ್ಡವರು ಇರುವುದಿಲ್ಲ. ದಿಂಬಿನ ಅಡಿಯಲ್ಲಿ ಹತ್ತು ರೂಪಾಯಿ ಇರುತ್ತದೆ. ಅದು ಅಂಗಡಿಯಲ್ಲಿ ಎರಡು ಚಿಪ್ಸ್ ಪ್ಯಾಕೆಟ್ ಆಗುತ್ತದೆ.

ಅಂದರೆ ಮೀನಿನ ಸೀಸನ್‌ನಲ್ಲಿ ಮನೆಯಲ್ಲಿ ದುಡ್ಡಿದೆ, ಬೇಯಿಸಿ ಹಾಕುವವರಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕೆಲವರು ಬಿತ್ತನೆಗೆ ಊರಿಗೆ ಹೋಗುತ್ತಾರೆ, ಇಲ್ಲೇ ಉಳಿದವರಿಗೆ ಕೂಲಿ ಇಲ್ಲ. ಆಗ ಅಮ್ಮ ಮನೆಯಲ್ಲಿದ್ದಾಳೆ, ಬೇಯಿಸಲು ಸಾಮಾನು ಕಮ್ಮಿ. ಎರಡಕ್ಕೂ ಒಂದೇ ಮದ್ದು ಸಾಕಾಗುವುದಿಲ್ಲ ಅಲ್ವಾ?

ರೇಷನ್ ಕಾರ್ಡ್ ಇಲ್ವಾ ಅಂತ ನಾನೂ ಕೇಳಿದ್ದೆ. ಇದೆ. ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಅಕ್ಕಿ ಸಿಗುತ್ತದೆ ಅನ್ನುವುದೂ ಅವರಿಗೆ ಗೊತ್ತು. ಒಬ್ಬ ತಾಯಿ ಸರಿಯಾಗಿ ಬಿಡಿಸಿ ಹೇಳಿದರು. "ಇಲ್ಲಿ ನಾ ಹೆಬ್ಬಟ್ಟ ಒತ್ತಿದ್ರ ಅಲ್ಲಿ ನಮ್ಮತ್ತಿಗೆ ಅಕ್ಕಿ ಇಲ್ರಿ ಟೀಚರ್." ಕಾರ್ಡ್ ಒಂದೇ, ಒಲೆ ಎರಡು.

ಕೇಳುವ ರೀತಿಯನ್ನೂ ನಾನು ಈ ಕೆಲಸದಲ್ಲೇ ಕಲಿತದ್ದು. "ತಿಂಡಿ ಆಯ್ತಾ?" ಅಂದರೆ ಎಲ್ಲಾ ಮಕ್ಕಳೂ "ಆಯ್ತು ಟೀಚರ್" ಅನ್ನುತ್ತಾರೆ. ಎಷ್ಟು ಚಿಕ್ಕವರಾದರೂ ಮರ್ಯಾದೆ ಇರುತ್ತದೆ. "ಬೆಳಿಗ್ಗೆ ಅಡುಗೆ ಯಾರು ಮಾಡಿದ್ರು?" ಅಂತ ಕೇಳಿದರೆ ನಿಜ ಹೊರಗೆ ಬರುತ್ತದೆ. "ಅವ್ವ ಬಂದರಕ್ಕ ಹೋಗ್ಯಾಳ್ರಿ." ಮುಂದೆ ಕೇಳುವುದೇ ಬೇಡ.

ಹಾಲು ಇದೆಯಲ್ಲ ಅನ್ನಬಹುದು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯ ಇದೆ. 18 ಗ್ರಾಂ ಪುಡಿಗೆ 150 ಮಿಲಿಲೀಟರ್ ಹಾಲು. 2024ರಿಂದ ವಾರದಲ್ಲಿ ಮೂರು ದಿನ ರಾಗಿ ಮಾಲ್ಟ್ ಕೂಡ ಸೇರಿದೆ. ಒಳ್ಳೆಯದೇ. ಆದರೆ ಹಿಂದಿನ ರಾತ್ರಿಯಿಂದ ಖಾಲಿ ಇರುವ ಹೊಟ್ಟೆಗೆ ಬರೀ ಹಾಲು ಬಿದ್ದರೆ ಕೆಲವು ಮಕ್ಕಳಿಗೆ ವಾಂತಿಯಾಗುತ್ತದೆ. ಹಾಲು ಬೇಡ ಅನ್ನುವ ಮಕ್ಕಳನ್ನು ಹಠ ಅಂತ ಬೈಯುವ ಮೊದಲು ಇದನ್ನೊಮ್ಮೆ ನೋಡಬೇಕು.

ಇನ್ನು ದಾನಿಗಳ ವಿಷಯ. ನಮ್ಮ ಊರಿನವರಿಗೆ ಕೈ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಮಗನ ಬರ್ತ್‌ಡೇ, ಅಜ್ಜನ ನೆನಪು, ಹೊಸ ಬೋಟು ನೀರಿಗಿಳಿದದ್ದು, ಯಾವುದಕ್ಕಾದರೂ ಶಾಲೆಗೆ ಪಾಯಸ ಬರುತ್ತದೆ, ಲಾಡು ಬರುತ್ತದೆ. ಸಮುದಾಯದವರು ಹೀಗೆ ಕೊಡುವುದಕ್ಕೆ ಬಿಸಿಯೂಟದ ನಿಯಮದಲ್ಲೇ ಅವಕಾಶ ಇದೆ. ಆದರೆ ಸರ್ಕಾರದ ಊಟ ಇರುವ ಹೊತ್ತಿಗೇ ಇದೂ ಬಂದು ಬೀಳುತ್ತದೆ. ಒಂದೇ ವಾರದಲ್ಲಿ ಮೂರು ಪಾಯಸ ಬಂದದ್ದುಂಟು. ಸೋಮವಾರ ಬೆಳಿಗ್ಗೆಗೆ ಒಬ್ಬರೂ ಇಲ್ಲ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಇದನ್ನು ಎತ್ತಿದ್ದು ನಾನಲ್ಲ, ಅಡುಗೆಯ ಅಕ್ಕ. ಹಳೆ ವಿದ್ಯಾರ್ಥಿ ಸಂಘದವರು, ಭಜನಾ ಮಂಡಳಿಯ ಹೆಂಗಸರು, ಹತ್ತಿರದ ಹೋಟೆಲಿನವರು ಎಲ್ಲಾ ಇದ್ದರು. ಅಕ್ಕ ಎದ್ದು ನಿಂತು, ಲಾಡಿನ ದುಡ್ಡಲ್ಲಿ ಅವಲಕ್ಕಿ ತನ್ನಿ, ಬೆಳಿಗ್ಗೆ ನಾನು ಕಲಸಿ ಕೊಡುತ್ತೇನೆ ಅಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಲಾಡು ಕೊಟ್ಟವರೂ ಅಲ್ಲೇ ಕೂತಿದ್ದರಲ್ಲ!

ಬೆಳಗಿನ ತಿಂಡಿ ಶುರುವಾದದ್ದು ಬೇಕರಿ ಬನ್ನಿನಿಂದ. ಹಂಚುವುದು ಸುಲಭ, ಹತ್ತೂವರೆಗೆ ಮತ್ತೆ ಹಸಿವು. ಕುಚ್ಚಲಕ್ಕಿ ಗಂಜಿ ಮಾಡಿದಾಗ ಇಲ್ಲಿಯದೇ ಮೀನುಗಾರರಾದ ಮೊಗವೀರ ಮನೆಗಳ ಮಕ್ಕಳು ಖುಷಿಯಾಗಿ ಕುಡಿದರು. ಜೋಳದ ರೊಟ್ಟಿ ತಿಂದು ಬೆಳೆದವರು ಒಂದೊಂದೇ ಅಗುಳು ಹೆಕ್ಕುತ್ತಾ ಕೂತರು. ಕೊನೆಗೆ ಎಲ್ಲರಿಗೂ ಆಗಿಬಂದದ್ದು ಸಜ್ಜಿಗೆ ಬಜಿಲ್, ಅಂದರೆ ಉಪ್ಪಿಟ್ಟು ಅವಲಕ್ಕಿ. ಒಂದು ದಿನ ಅದು, ಇನ್ನೊಂದು ದಿನ ಹೆಸರುಕಾಳಿನ ಉಸಲಿ, ಮತ್ತೊಂದು ದಿನ ಬೆಲ್ಲ ತೆಂಗಿನಕಾಯಿ ಹಾಕಿದ ಅವಲಕ್ಕಿ. ಹತ್ತಿರದ ದೇವಸ್ಥಾನದಿಂದ ಬಾಳೆಹಣ್ಣು, ತೆಂಗಿನಕಾಯಿ ಬರುತ್ತದೆ. ಬ್ರಹ್ಮಕಲಶಕ್ಕೆ ಭಕ್ತರು ತಂದುಕೊಟ್ಟು ಉಳಿದ ಹೊರೆಕಾಣಿಕೆಯ ಸಾಮಾನೂ ಬರುತ್ತದೆ. ಅದರಲ್ಲಿ ನಾವು ಈಗ ಆರಿಸಿ ತಗೊಳ್ಳುತ್ತೇವೆ. ಟೊಮೆಟೊ, ಬದನೆ ಬೇಡ, ಕೊಳೆತು ಹೋಗುತ್ತದೆ. ಮಂಗಳೂರು ಸೌತೆ ಎಷ್ಟಿದ್ದರೂ ಕೊಡಿ. ಚಾವಣಿಗೆ ಕಟ್ಟಿ ನೇತು ಹಾಕಿದರೆ ತಿಂಗಳುಗಟ್ಟಲೆ ಹಾಳಾಗುವುದಿಲ್ಲ.

ಹಾಲ್‌ಗಳಿಂದ ಮಧ್ಯಾಹ್ನ ಮೂರು ಗಂಟೆಗೆ "ಮದುವೆ ಊಟ ಉಳಿದಿದೆ, ತಗೊಂಡು ಬರ್ಲಾ?" ಅಂತ ಫೋನ್ ಬರುತ್ತದೆ. ಬೇಡ ಅನ್ನುತ್ತೇನೆ. ಬೇಸರ ಮಾಡಿಕೊಳ್ಳುತ್ತಾರೆ. 2013ರ ಜುಲೈನಲ್ಲಿ ಬಿಹಾರದ ಒಂದು ಶಾಲೆಯಲ್ಲಿ ಕೀಟನಾಶಕ ಸೇರಿದ್ದ ಊಟ ತಿಂದು 23 ಮಕ್ಕಳು ಸತ್ತರು. ಬಡಿಸುವ ಮೊದಲು ದೊಡ್ಡವರು ರುಚಿ ನೋಡಬೇಕು ಅನ್ನುವ ನಿಯಮವನ್ನು ಯಾರೂ ಸುಮ್ನೆ ಮಾಡಿಲ್ಲ. ಯಾವ ಎಣ್ಣೆಯಲ್ಲಿ, ಯಾವಾಗ ಮಾಡಿದ್ದು ಅಂತ ಗೊತ್ತಿಲ್ಲದ ಊಟವನ್ನು ನಾನು ಮಕ್ಕಳಿಗೆ ಬಡಿಸುವುದಿಲ್ಲ. ಹಸಿ ಸಾಮಾನು ಕೊಡಿ, ನಮ್ಮ ಅಡುಗೆಮನೆಯಲ್ಲೇ ಬೇಯಲಿ.

ದೊಡ್ಡ ಜಗಳ ಆದದ್ದು ಅಡುಗೆಯವರ ಸಂಬಳದ ಬಗ್ಗೆ. ತಿಂಡಿಗೆ ಅಂತ ಅವರು ಏಳೂವರೆಗೇ ಬರಬೇಕು. "ಮಕ್ಕಳ ಸೇವೆ ಅಲ್ವಾ, ಮಾಡ್ಲಿ" ಅಂದರು ಒಬ್ಬರು. ನನಗೆ ಸಿಟ್ಟು ಬಂತು. ಸರ್ಕಾರದಿಂದ ಅವರಿಗೆ ಬರುವುದು ಸಣ್ಣ ಗೌರವಧನ. ಅವರ ಮನೆಯಲ್ಲೂ ಬೆಳಿಗ್ಗೆ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಈಗ ಬೆಳಗಿನ ಕೆಲಸಕ್ಕೆ ಹಳೆ ವಿದ್ಯಾರ್ಥಿ ಸಂಘದವರು ಬೇರೆಯಾಗಿ ಕೊಡುತ್ತಾರೆ, ತಪ್ಪದೆ 5ನೇ ತಾರೀಕಿಗೆ. ತಿಂಡಿಯ ಲೆಕ್ಕದ ಪುಸ್ತಕವೂ ಬೇರೆ. ಅಕ್ಷರ ದಾಸೋಹದ, ಅಂದರೆ ಬಿಸಿಯೂಟದ, ಒಂದು ಕಾಳು ಅಕ್ಕಿಯನ್ನೂ ಇದಕ್ಕೆ ಮುಟ್ಟುವುದಿಲ್ಲ, ಆಡಿಟ್‌ನವರಿಗೆ ಉತ್ತರ ಕೊಡಬೇಕಾದವಳು ನಾನು.

ತಿಂಡಿ ಎಲ್ಲರಿಗೂ. ಬಡವರ ಪಟ್ಟಿ ಮಾಡಿ ಅಂತ ಒಬ್ಬ ದಾನಿ ಕೇಳಿದ್ದರು, ಮಾಡಲಿಲ್ಲ. ಪಟ್ಟಿಯಲ್ಲಿ ಹೆಸರು ಬಂದ ಮಗು ಮರುದಿನ ತಿಂಡಿಗೆ ಬರುವುದಿಲ್ಲ. ತಟ್ಟೆ ಹಿಡಿದ ಮಕ್ಕಳ ಫೋಟೊವೂ ಇಲ್ಲ.

ಇನ್ನೊಂದು ಗುಂಪು ನಮ್ಮ ಹಾಜರಿಯಲ್ಲೇ ಇರಲಿಲ್ಲ. ಮನೆಯಲ್ಲಿ ಬಿಟ್ಟು ಬರುವ ಹಾಗಿಲ್ಲ ಅಂತ ದೊಡ್ಡ ಹುಡುಗಿಯರು ಸೊಂಟದ ಮೇಲೆ ಎತ್ತಿಕೊಂಡು ಬರುವ ತಮ್ಮ, ತಂಗಿಯರು. ಅಕ್ಕನ ತಟ್ಟೆಯಲ್ಲಿ ಅವರೂ ತಿನ್ನುತ್ತಾರೆ, ಆದ್ದರಿಂದ ಅಕ್ಕನಿಗೆ ಅರ್ಧವೇ ಊಟ. ಪಕ್ಕದ ಅಂಗನವಾಡಿ ಟೀಚರ್ ಬಂದು ಆ ಮಕ್ಕಳ ತೋಳಿಗೆ ಅಳತೆ ಪಟ್ಟಿ ಸುತ್ತಿ ನೋಡಿದರು. ಅದರಲ್ಲಿ ಕೆಂಪು, ಹಳದಿ, ಹಸಿರು ಇರುತ್ತದೆ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿಗೆ 11.5 ಸೆಂಟಿಮೀಟರಿಗಿಂತ ಕಮ್ಮಿ ಬಂದರೆ ಕೆಂಪು, ತೀವ್ರ ಅಪೌಷ್ಟಿಕತೆ. ಒಂದು ಮಗು ಕೆಂಪಿನಲ್ಲಿತ್ತು. ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸಾಮಾನ್ಯವಾಗಿ 14 ದಿನ ಇರಬೇಕು, ತಾಯಿಯೂ ಜೊತೆಗಿರಬೇಕು. ಅಲ್ಲಿ ಊಟ, ಔಷಧಿ ಎಲ್ಲಾ ಉಚಿತ. ಆದರೆ ಮನೆಯಲ್ಲಿ ಉಳಿದ ಇಬ್ಬರು ಮಕ್ಕಳಿಗೆ ಯಾರು? ಭಜನಾ ಮಂಡಳಿಯ ಹೆಂಗಸರು ಪಾಳಿ ಹಾಕಿಕೊಂಡು ನೋಡಿಕೊಂಡರು. ನನ್ನ ಮಟ್ಟಿಗೆ ಆ ವರ್ಷದ ಎಲ್ಲಾ ಪಾಯಸಕ್ಕಿಂತ ಅದೇ ದೊಡ್ಡದು.

ಮಕ್ಕಳನ್ನು ಅಂಗನವಾಡಿಗೆ ಸೇರಿಸಲು ಇಲ್ಲಿನ ರೇಷನ್ ಕಾರ್ಡ್ ಬೇಕಾಗಿಲ್ಲ ಅನ್ನುವುದು ಆ ತಾಯಂದಿರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಈಗ ದಾಖಲಾತಿಗೆ ಬರುವ ಪ್ರತಿ ಮನೆಯಲ್ಲೂ ನಾನು ಚಿಕ್ಕವರ ವಯಸ್ಸು ಕೇಳಿ ಅಂಗನವಾಡಿ ಟೀಚರಿಗೆ ಹೇಳಿಬಿಡುತ್ತೇನೆ.

ಸೋಮವಾರ ಪಾತ್ರೆ ಈಗಲೂ ಬೇಗ ಖಾಲಿಯಾಗುತ್ತದೆ, ಮೊದಲಿನಷ್ಟು ಅಲ್ಲ. ಭಾನುವಾರಕ್ಕೆ ನಮ್ಮ ಹತ್ತಿರ ಇನ್ನೂ ಪೂರ್ತಿ ದಾರಿ ಇಲ್ಲ. ಶನಿವಾರ ಮನೆಗೆ ಅವಲಕ್ಕಿ ಪೊಟ್ಟಣ ಕಳಿಸಿ ನೋಡಿದೆವು. ಬೆಂಕಿ ಬೇಡ, ನೆನೆಸಿದರೆ ಸಾಕು, ಎಂಟು ವರ್ಷದ ಹುಡುಗಿಯೂ ಮಾಡಿಕೊಳ್ಳಬಹುದು. ಅದು ಪರವಾಗಿಲ್ಲ, ನಡೆಯುತ್ತಿದೆ. ಕಷ್ಟ ಇರುವುದು ರಜೆಯಲ್ಲಿ. ಬರ ಘೋಷಣೆಯಾದ ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಟ್ಟದ್ದಿದೆ. ದಸರಾ ರಜೆಗೆ ಅಂಥದ್ದೇನೂ ಇಲ್ಲ, ಅದು ಬಂದರಿನಲ್ಲಿ ಕೆಲಸ ಜೋರಾಗಿರುವ ಹೊತ್ತು ಬೇರೆ. ಈ ಸಲ ಬೆಳಗಿನ ಹೊತ್ತಿಗೆ ಭಜನಾ ಮಂದಿರದ ಹಾಲ್ ಕೇಳಿದ್ದೇವೆ. ಕೊಡುತ್ತೇವೆ ಅಂದಿದ್ದಾರೆ. ಅಡುಗೆಗೆ ಇಬ್ಬರು ಒಪ್ಪಿದ್ದಾರೆ, ಸಾಮಾನಿಗೆ ಹೋಟೆಲಿನವರು ಇದ್ದಾರೆ. ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವುದೊಂದು ಮುಂದಿನ ಸಭೆಯಲ್ಲಿ ತೀರ್ಮಾನ ಆಗಬೇಕು.