ಲಿವರ್‌ನ ಕಬ್ಬಿಣ: ಅಂಕಿಯನ್ನು ಓದುವ ಬಗೆ

ರಕ್ತದಲ್ಲಿ ಫೆರಿಟಿನ್ (ಕಬ್ಬಿಣವನ್ನು ಕೂಡಿಡುವ ಪ್ರೋಟೀನ್) ಹೆಚ್ಚಿದೆ ಎಂದ ಮಾತ್ರಕ್ಕೆ ಹಿಮೊಕ್ರೊಮಟೋಸಿಸ್ (ದೇಹದಲ್ಲಿ ಕಬ್ಬಿಣ ಅತಿಯಾಗಿ ಸೇರುವ ಆನುವಂಶಿಕ ಕಾಯಿಲೆ) ಎಂದು ಹೇಳಲಾಗದು. ಕುಡಿತ, ಫ್ಯಾಟಿ ಲಿವರ್, ಯಾವುದೋ ಉರಿಯೂತ, ಎಲ್ಲವೂ ಅದನ್ನು ಏರಿಸುತ್ತವೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ತುಂಬಿದೆ ಎಂಬ ಅಳತೆ) ಕೂಡ 45% ದಾಟಿದ್ದರೆ, ಈ ಕಾಯಿಲೆಗೆ ಸಂಬಂಧಿಸಿದ ಎಚ್‌ಎಫ್‌ಇ ಜೀನ್ ಪರೀಕ್ಷೆ ಮಾಡಿಸಬೇಕು. ಆ ಜೀನ್‌ನ ಎರಡೂ ಪ್ರತಿಗಳಲ್ಲಿ (ತಂದೆಯಿಂದ ಒಂದು, ತಾಯಿಯಿಂದ ಒಂದು) ಸಿ282ವೈ ಎಂಬ ಬದಲಾವಣೆ ಸಿಕ್ಕರೆ, ರೋಗ ಗುರುತಿಸಲಿಕ್ಕೆಂದೇ ಲಿವರ್‌ಗೆ ಸೂಜಿ ಹಾಕುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಫೆರಿಟಿನ್ ಲೀಟರ್‌ಗೆ 1,000 ಮೈಕ್ರೋಗ್ರಾಂ ದಾಟಿದ್ದರೆ ಮಾತು ಬೇರೆ. ಆಗ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯಲೇಬೇಕು.

ಜೀನ್ ಉತ್ತರ ಕೊಡದಿದ್ದಾಗ ಕಬ್ಬಿಣವನ್ನೇ ಅಳೆಯಬೇಕು. ಸೂಜಿಯಿಂದ ತೆಗೆದ ಲಿವರ್ ಚೂರನ್ನು (ಬಯಾಪ್ಸಿ) ಒಣಗಿಸಿ, ಗ್ರಾಂಗೆ ಎಷ್ಟು ಮೈಕ್ರೋಗ್ರಾಂ ಎಂದು ನೋಡುತ್ತಾರೆ. ಅದನ್ನು ಕಬ್ಬಿಣದ ಪರಮಾಣು ತೂಕವಾದ 55.8ರಿಂದ ಭಾಗಿಸಿದರೆ ಮೈಕ್ರೋಮೋಲ್, ಮತ್ತೆ ವಯಸ್ಸಿನಿಂದ ಭಾಗಿಸಿದರೆ ಹೆಪಾಟಿಕ್ ಐರನ್ ಇಂಡೆಕ್ಸ್. ನಲವತ್ತರ ವ್ಯಕ್ತಿಗೆ 6,696 ಬಂದಿದೆ ಅನ್ನಿ: 120 ಮೈಕ್ರೋಮೋಲ್, ಇಂಡೆಕ್ಸ್ 3. ಹಳೆಯ ಗಡಿ 1.9, ಅದಕ್ಕಿಂತ ಮೇಲಿದ್ದರೆ ಆನುವಂಶಿಕ ಕಾಯಿಲೆಯ ಶಂಕೆ ಬಲವಾಗುತ್ತದೆ. ವಯಸ್ಸು ಯಾಕೆ ಬೇಕು? ಈ ಕಾಯಿಲೆಯಲ್ಲಿ ಕಬ್ಬಿಣ ವರ್ಷವರ್ಷವೂ ಸೇರುತ್ತಲೇ ಹೋಗುತ್ತದೆ. ಕುಡಿತದ ಲಿವರ್‌ನಲ್ಲಿ ಸಾಮಾನ್ಯವಾಗಿ ಅಷ್ಟು ಜಮೆಯಾಗುವುದಿಲ್ಲ.

ಎಡವಟ್ಟಾಗುವ ಕಡೆಗಳೂ ಇವೆ. ಹಸಿ ತೂಕದ ಅಂಕಿಯನ್ನು ಒಣ ತೂಕದ ಸೂತ್ರಕ್ಕೆ ಹಾಕಿದರೆ ಇಂಡೆಕ್ಸ್ ಸುಳ್ಳೇ ಇಳಿಯುತ್ತದೆ. ಸಿರೋಸಿಸ್ (ಲಿವರ್ ಪೂರಾ ಗಾಯದ ಕಲೆಗಟ್ಟಿದ ಹಂತ) ಇದ್ದರೆ ಕಬ್ಬಿಣ ಒಂದೇ ಸಮನೆ ಹರಡಿರುವುದಿಲ್ಲ, ಹಾಗಾಗಿ ಸಣ್ಣ ಚೂರನ್ನು ನಂಬುವಂತಿಲ್ಲ. ಪದೇ ಪದೇ ರಕ್ತ ಹಾಕಿಸಿಕೊಂಡವರಲ್ಲೂ ಇಂಡೆಕ್ಸ್ 1.9 ದಾಟಬಹುದು. ಈಗ ಎಂಆರ್‌ಐ ಸೂಜಿಯಿಲ್ಲದೆ ಇದೇ ಅಳತೆ ಕೊಡುತ್ತದೆ, ಆದರೆ ಫೈಬ್ರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಎಷ್ಟಿದೆ ಎಂದು ಆ ಕಬ್ಬಿಣದ ಅಂಕಿಯಿಂದ ಗೊತ್ತಾಗದು.