ಅಮ್ಮನ ಸೊಂಟವನ್ನು ಯಾರು ಕೇಳಿದರು?

ಮೈಸೂರು, 9 ಫೆಬ್ರವರಿ 2025, ಭಾನುವಾರ

ಬೆಂಗಳೂರಿನಿಂದ ತಮ್ಮ ಬಂದಿದ್ದಾನೆ. ಕೈಯಿಂದಲೇ ಬೆನ್ನು ಒತ್ತಿ, ತಿರುಚಿ ಚಿಕಿತ್ಸೆ ಕೊಡುವ ಕೈರೊಪ್ರಾಕ್ಟರ್ ಬಳಿ ಹೋಗಲು ಶುರುಮಾಡಿದ ಮೇಲೆ ಅವನ ಬೆನ್ನು ನೋವು ಬಹಳ ಇಳಿದಿದೆ. ಊಟದ ಹೊತ್ತಿನಲ್ಲೆಲ್ಲ ಅದೇ ಮಾತು. ಬೆನ್ನು ಒತ್ತಿದಾಗ ಬರುವ ಲಟಲಟ ಸದ್ದನ್ನು ಅವನು ವರ್ಣಿಸುತ್ತಿದ್ದರೆ ಅಮ್ಮ, "ಇದೇನು ಹೊಸದು? ನಮ್ಮೂರಿನಲ್ಲಿ ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಸೊಂಟದ ಉಳುಕು ತೆಗೆಸುತ್ತಿದ್ದರು" ಎಂದಳು.

ಆ ಸದ್ದು ಮೂಳೆ ಜಾಗಕ್ಕೆ ಬಂದು ಕೂತದ್ದರ ಗುರುತಲ್ಲ. ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆ ಏಳುವುದರಿಂದ ಬರುವಂಥದ್ದು. ಬೆರಳಿನ ನೆಟಿಕೆ ಮುರಿದಾಗಲೂ ಅದೇ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಈ ಪದ್ಧತಿಯನ್ನು ಆರಂಭಿಸಿದ ಡಿ. ಡಿ. ಪಾಮರ್, ಬಹುಪಾಲು ಕಾಯಿಲೆಗಳಿಗೆ ಬೆನ್ನುಮೂಳೆ ಸರಿದಿರುವುದೇ ಕಾರಣ ಎಂದು ನಂಬಿದ್ದರು. ಆ ನಂಬಿಕೆಗೆ ಆಧಾರ ಸಿಗಲಿಲ್ಲ. ಆದರೆ ಸೊಂಟ ನೋವಿನ ಮಟ್ಟಿಗೆ ಕೈಯಿಂದ ಬೆನ್ನು ಒತ್ತಿ ಸಡಿಲಿಸುವ ಚಿಕಿತ್ಸೆಯನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ವೈದ್ಯರ ಸಂಘವೊಂದರ 2017ರ ಮಾರ್ಗಸೂಚಿ ಬಿಸಿ ಶಾಖ, ಮಸಾಜ್‌ಗಳ ಜೊತೆಗೆ ಅದನ್ನೂ ಹೇಳುತ್ತದೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ವ್ಯಾಯಾಮದ ಜೊತೆಗೆ ಅದನ್ನು ಸೇರಿಸಿತು.

ತಮ್ಮನಿಗೆ ಸಿಕ್ಕಿದವರು ಒಳ್ಳೆಯವರು. ಎಷ್ಟು ಹೊತ್ತು ಕೂರುತ್ತೀರಿ, ಲ್ಯಾಪ್‌ಟಾಪ್ ಎಲ್ಲಿಡುತ್ತೀರಿ ಎಂದೆಲ್ಲ ವಿಚಾರಿಸಿದ್ದಾರೆ. ಹಾಸಿಗೆಯ ಮೇಲಿನ ಕೆಲಸ ನಿಂತಿತು, ಕುರ್ಚಿ ಬಂತು, ಆಗಾಗ ಎದ್ದು ಓಡಾಡುವುದು ರೂಢಿಯಾಯಿತು. ಅವನ ನೋವು ಮರುಕಳಿಸದಿರಲು ಇದೇ ಮುಖ್ಯ ಕಾರಣವೆಂದು ನನ್ನ ಬಲವಾದ ನಂಬಿಕೆ.

ಅಮ್ಮನನ್ನು ಇಷ್ಟು ವರ್ಷ ಹೀಗೆ ಯಾರು ಕೇಳಿದರು? ಬೆಳಗಾಗುವ ಮೊದಲೇ ಮೋಟು ಪೊರಕೆ ಹಿಡಿದು ಮನೆಯಿಡೀ ಬಾಗಿಯೇ ಗುಡಿಸುತ್ತಾಳೆ. ಅಂಗಳಕ್ಕೆ ನೀರು ಚಿಮುಕಿಸಿ, ಮಂಡಿ ಮಡಿಸದೆ ಸೊಂಟದಿಂದಲೇ ಬಗ್ಗಿ ರಂಗೋಲಿ ಹಾಕುತ್ತಾಳೆ. ತುಂಬಿದ ಬಕೆಟ್ಟನ್ನು ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕೆ ವಾಲಿಕೊಂಡೇ ನಡೆಯುತ್ತಾಳೆ. ಕಚೇರಿಯ ಬೆನ್ನಿಗೆ ಕುರ್ಚಿ, ಮನೆಗೆಲಸದ ಬೆನ್ನಿಗೆ ಬರೀ ಮುಲಾಮು. ಇದು ನಮ್ಮ ಮನೆಯೊಂದರ ಕಥೆಯಲ್ಲ. ನೆನೆದರೆ ಸಿಟ್ಟು ಬರುತ್ತದೆ.

"ಹಾಗಾದರೆ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ ಅಕ್ಕ" ಎಂದ ತಮ್ಮ. ಈಗಲೇ ಬೇಡ ಎಂದೆ. ಅರವತ್ತು ದಾಟಿದವಳು, ಮೂಳೆ ಸವೆದು ಟೊಳ್ಳಾಗಿದ್ದರೆ ಜೋರಾಗಿ ತಿರುಚುವುದರಿಂದ ಮುರಿಯಬಹುದು. ಮೊದಲು ವೈದ್ಯರು ನೋಡಲಿ, ಮೂಳೆಯ ಸಾಂದ್ರತೆಯ ಪರೀಕ್ಷೆ ಆಗಲಿ. ಕುತ್ತಿಗೆಯನ್ನಂತೂ ಯಾರೂ ತಿರುಚುವುದು ಬೇಡ. ಅಪರೂಪಕ್ಕಾದರೂ ಅಲ್ಲಿನ ರಕ್ತನಾಳ ಸೀಳಿ ಪಾರ್ಶ್ವವಾಯು ಆದದ್ದುಂಟು. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು ಎಂಬುದನ್ನೂ ಇಬ್ಬರಿಗೂ ಹೇಳಿದೆ.

ಸಂಜೆ ಉದ್ದ ಹಿಡಿಯ ಪೊರಕೆ ತಂದೆವು. ಇದರಲ್ಲಿ ಮೂಲೆಯ ಕಸ ಬರುವುದಿಲ್ಲ ಎಂದು ಅಮ್ಮನ ತಕರಾರು. ಮೂಲೆಗಳನ್ನು ನಾನು ಗುಡಿಸುತ್ತೇನೆ ಎಂದಿದ್ದೇನೆ. ಮಂಗಳವಾರ ಪರೀಕ್ಷೆಗೆ ಸಮಯ ಗೊತ್ತಾಗಿದೆ. ತಮ್ಮ ರಜೆ ಹಾಕಿ ಉಳಿಯುತ್ತಾನಂತೆ.