ಸಿಂಟರ್‌ಕ್ಲಾಸ್ ಅಂದ್ರೆ ಸಾಂಟಾನೇ ಅಲ್ವಾ?

ಡಿಸೆಂಬರ್ 5ರ ರಾತ್ರಿ ಮಗಳ ಉಡುಗೊರೆಯ ಫೋಟೋ ಹಾಕಿದರೆ ಸಾಕು, ಊರಿಂದ ಮೆಸೇಜ್ ಬರುತ್ತದೆ: ‘ನಿಮ್ಮ ನೆದರ್‌ಲ್ಯಾಂಡ್ಸ್‌ನಲ್ಲಿ ಕ್ರಿಸ್‌ಮಸ್ ಇಷ್ಟು ಬೇಗನಾ? ಸಿಂಟರ್‌ಕ್ಲಾಸ್ ಅಂದ್ರೆ ಸಾಂಟಾನೇ ಅಲ್ವಾ?’

ಅಲ್ಲ. ಮನೆತನ ಒಂದೇ, ಅಷ್ಟೇ.

ಇಬ್ಬರಲ್ಲಿ ಸಿಂಟರ್‌ಕ್ಲಾಸ್ ಅಜ್ಜನೇ ಹಿರಿಯ. ಈಗಿನ ಟರ್ಕಿಯ ಮೈರಾದಲ್ಲಿ 4ನೇ ಶತಮಾನದಲ್ಲಿದ್ದ ಬಿಷಪ್ ನಿಕೋಲಸ್ ಇವನ ಮೂಲ. ಅವರ ಹಬ್ಬ ಡಿಸೆಂಬರ್ 6, ಆದರೆ ಡಚ್ಚರು ಹಿಂದಿನ ಸಂಜೆಯೇ ಉಡುಗೊರೆ ಬಿಚ್ಚುತ್ತಾರೆ. ಅಮೆರಿಕಕ್ಕೆ ಹೋದ ಡಚ್ಚರ ಜೊತೆ ಹೆಸರೂ ಹೋಯಿತು, ಅಲ್ಲಿ ಸಾಂಟಾ ಆಯಿತು, ಹೊಟ್ಟೆನೂ ಬಂತು. ನಮ್ಮ ಅಜ್ಜನಿಗೆ ಬಿಷಪ್ ಟೋಪಿ, ಕೆಂಪು ನಿಲುವಂಗಿ, ಬಿಳಿ ಕುದುರೆ. ನವೆಂಬರ್ ಮಧ್ಯದಲ್ಲಿ ಸ್ಪೇನ್‌ನಿಂದ ಸ್ಟೀಮ್‌ಬೋಟಿನಲ್ಲಿ ಬಂದಿಳಿಯುತ್ತಾನೆ, ಟಿವಿಯಲ್ಲಿ ನೇರ ಪ್ರಸಾರ ಬೇರೆ! ಈ ಸ್ಟೀಮ್‌ಬೋಟ್ 1850ರಲ್ಲಿ ಯಾನ್ ಸ್ಕೆಂಕ್‌ಮನ್ ಅನ್ನೋ ಮೇಷ್ಟ್ರು ಬರೆದ ಮಕ್ಕಳ ಪುಸ್ತಕದಿಂದ ಬಂದದ್ದು. ಕಪ್ಪು ಸೇವಕನೂ ಅದರಲ್ಲಿದ್ದ. ಆ ಸೇವಕ ಪೀಟ್‌ನ ವೇಷಕ್ಕೆ ಮುಖಕ್ಕೆ ಕಪ್ಪು ಬಳಿದುಕೊಳ್ಳುವುದು ಜನಾಂಗ ನಿಂದನೆ ಅಂತ ವರ್ಷಗಟ್ಟಲೆ ಜಗಳ ನಡೆಯಿತು. ಈಗ ಹೆಚ್ಚಿನ ಕಡೆ ಕೆನ್ನೆಗೆ ಚಿಮಣಿ ಮಸಿ ಮಾತ್ರ. ಬದಲಾಗಿದ್ದು ಒಳ್ಳೆಯದೇ ಆಯಿತು, ಮಕ್ಕಳ ಖುಷಿ ಏನೂ ಕಮ್ಮಿಯಾಗಿಲ್ಲ.

ಅವರ ಚಿಂತೆಯೆಲ್ಲ ಬೂಟಿನದು. ರಾತ್ರಿ ಒಂದು ಬೂಟಿನಲ್ಲಿ ಕುದುರೆಗೆ ಅಂತ ಕ್ಯಾರೆಟ್ ಇಟ್ಟು ಹಾಡು ಹೇಳಿ ಮಲಗಿದರೆ, ಬೆಳಿಗ್ಗೆ ಅದರಲ್ಲಿ ಅವರ ಹೆಸರಿನ ಮೊದಲ ಅಕ್ಷರದ ಚಾಕೊಲೇಟ್, ಚಕ್ಕೆ ಲವಂಗ ಹಾಕಿದ ಪುಟಾಣಿ ಬಿಸ್ಕತ್ತು. ಕ್ಯಾರೆಟ್ಟನ್ನು ಕಚ್ಚಿ ತುಣುಕು ಉದುರಿಸುವುದು ನಮ್ಮನೆಯಲ್ಲಿ ನನ್ನ ಕೆಲಸ.

ದೊಡ್ಡವರಿಗೆ ಇದಕ್ಕಿಂತ ಮಜಾ ಇದೆ. ಚೀಟಿ ಎತ್ತಿ, ಬಂದ ಹೆಸರಿನವರಿಗೆ ಉಡುಗೊರೆ ಜೊತೆ ಅವರ ಕಾಲೆಳೆಯುವ ಪದ್ಯ ಬರೆಯಬೇಕು. ಸಹಿ ಮಾತ್ರ ಸಿಂಟರ್‌ಕ್ಲಾಸ್‌ದೇ. ಮೊದಲ ವರ್ಷ ಆಫೀಸಿನಲ್ಲಿ ನನಗೆ ರಟ್ಟಿನ ಮೈಕ್ರೋವೇವ್ ಸಿಕ್ಕಿತು. ಒಳಗೊಂದು ಊಟದ ಡಬ್ಬಿ. ಇವನು ಸಾರು ಬಿಸಿ ಮಾಡಿದರೆ ಮೂರನೇ ಮಹಡಿಯವರಿಗೂ ಗಡಿಯಾರ ಬೇಡ ಅಂತ ಪದ್ಯ, ಅದೂ ಪ್ರಾಸ ಹಾಕಿ! ನಾನೇ ಎಲ್ಲರೆದುರು ಗಟ್ಟಿಯಾಗಿ ಓದಬೇಕಿತ್ತು, ನನ್ನ ಅರೆಬರೆ ಡಚ್‌ನಲ್ಲಿ. ಯಾರು ಬರೆದದ್ದು ಅಂತ ಕೇಳಿದರೆ ಎಲ್ಲರೂ ಕಿಟಕಿ ಕಡೆ ನೋಡಿದರು. ಮರುದಿನ ಒಬ್ಬಳು ಮೆಲ್ಲಗೆ ಬಂದು ಆ ಸಾರಿನ ಪುಡಿ ಎಲ್ಲಿ ಸಿಗುತ್ತದೆ ಅಂತ ಕೇಳಿದಳು.